ತಪ್ಪು ಮಾಡದವನ ಮಾಫಿ ಅರ್ಜಿ

ಯುದ್ಧದ ಕಾಲ. ಬೆಳೆದವರೆಲ್ಲ ಸರ್ಕಾರಕ್ಕೆ ಕೊಡಲೇಬೇಕಾದ ಲೆವಿ ಜೋಳ ಕೊಡದೆ ಬಚ್ಚಿಟ್ಟವನು ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯವನು. ಅದನ್ನು ದೇವದುರ್ಗಕ್ಕೆ ಹೊತ್ತದ್ದು ನನ್ನ ಗಂಡನ ಬಂಡಿ. ಚೀಲದಲ್ಲಿ ಹತ್ತಿಕಾಳು ಅದ ಅಂತ ಅವನು ಹೇಳಿದ್ದ, ಇವರು ನಂಬಿದ್ದರು. ದಾರಿಯಲ್ಲಿ ಬಂಡಿ ತಪಾಸಣೆ ಮಾಡುವ ನಾಕಾದಲ್ಲಿ ಹಿಡಿದವರು ಇಬ್ಬರನ್ನೂ ರಾಯಚೂರು ಜೈಲಿಗೆ ಹಾಕಿದರು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತು.

ನಿಜಾಮರ ಹುಟ್ಟುಹಬ್ಬಕ್ಕೆ ಕೆಲವು ಕೈದಿಗಳಿಗೆ ಮಾಫಿ ಸಿಗುತ್ತಿತ್ತು. ಹಾಗಾಗಿ ನಾನೂ ಪಕ್ಕದ ಮನೆಯವಳೂ ಕಚೇರಿ ಮುಂದೆ ಉರ್ದುವಿನಲ್ಲಿ ಅರ್ಜಿ ಬರೆಯುವ ಮುನ್ಶಿಯ ಹತ್ತಿರ ಹೋದೆವು. ಆಕೆ ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬರೆಸಿದಳು. ನಿನಗೂ ಹಾಗೇ ಬರೆಯಲೇ ಎಂದ ಮುನ್ಶಿ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ನನ್ ಗಂಡ ಏನೂ ಮಾಡಿಲ್ರೀ. ತಪ್ಪಿಲ್ಲ ಅಂತನ ಬರೀರಿ."

ಆ ವರ್ಷ ಹುಟ್ಟುಹಬ್ಬದ ಬೆನ್ನಿಗೇ ಶುಕ್ರವಾರದ ರಜೆ ಬಂದು ಎರಡು ದಿನ ಎಲ್ಲ ಕಚೇರಿಗಳಿಗೂ ಬೀಗ. ನಾನು ಬಾಗಿಲಲ್ಲಿ ಕೂತು ದಾರಿ ನೋಡಿದೆ. ಬಸ್ಸಿನಿಂದ ಇಳಿದವನು ಪಕ್ಕದ ಮನೆಯವನೊಬ್ಬನೇ, ಕೊರಳಲ್ಲಿ ಚೆಂಡುಹೂವಿನ ಹಾರ. ಮರುದಿನವೆಲ್ಲ ಗೋಡೆಯಾಚೆ ಅವನ ನಗು, ಆಕೆಯ ಬಳೆ ಸದ್ದು, ಹೂರಣದ ವಾಸನೆ. ಸುಳ್ಳಾಡಿದವನು ಮನೆಯಲ್ಲಿ, ನಂಬಿದವನು ಜೈಲಿನಲ್ಲಿ; ಇದು ಯಾವ ಸೀಮೆಯ ದಯೆ ಎಂದು ಎರಡು ದಿನ ಅದನ್ನೇ ಮೆಲುಕು ಹಾಕಿದೆ. ಅದು ಹೊಟ್ಟೆಕಿಚ್ಚೇ, ಬೇರೆ ಹೆಸರು ಕೊಡುವುದಿಲ್ಲ. ಅವನು ಮತ್ತೆ ಸಿಕ್ಕಿಬೀಳಲಿ ಎಂದು ದೇವರಿಗೆ ಹರಕೆಯನ್ನೂ ಹೊತ್ತೆ. ಆಕೆ ಕೊಟ್ಟ ಹೋಳಿಗೆಯನ್ನು ನಗುತ್ತಲೇ ಇಸಿದುಕೊಂಡು ಎಮ್ಮೆಗೆ ಹಾಕಿದೆ. ಎಮ್ಮೆ ಚಪ್ಪರಿಸಿ ತಿಂದಿತು, ಅದರ ಮೇಲೂ ಸಿಟ್ಟು ಬಂತು.

ಕಚೇರಿ ತೆರೆದ ದಿನವೇ ಮುನ್ಶಿಯ ಹತ್ತಿರ ಜಗಳಕ್ಕೆ ಹೋದೆ. ಆತ ಸಿಟ್ಟಾಗಲಿಲ್ಲ.

"ಯವ್ವಾ, ಮಾಫಿ ತಪ್ಪು ಮಾಡಿದವ್ರಿಗಿ ಕೊಡ್ತಾರ. ತಪ್ಪೇ ಇಲ್ಲ ಅಂದ್ರ ಏನಂತ ಮಾಫ್ ಮಾಡಬೇಕು?"

ಮುಂದಿನ ಹುಟ್ಟುಹಬ್ಬಕ್ಕೆ ನಾನೇ ಬಾಯಿಬಿಟ್ಟು ಹೇಳಿ ಬರೆಸಿದೆ: ನನ್ನ ಗಂಡ ಕಳ್ಳ, ತಪ್ಪಾಯಿತು. ಹೆಬ್ಬೆಟ್ಟು ಒತ್ತಿದೆ. ಇವರು ಬಂದರು. ನಾನೂ ಹೋಳಿಗೆ ಮಾಡಿದೆ. ಮೊದಲನೆಯದನ್ನು ಓಣಿಯವರೆಲ್ಲ ನೋಡುವಂತೆ ಪಕ್ಕದ ಮನೆಗೆ ಕೊಟ್ಟು ಬಂದೆ.

ಇವರು ತಾಟಿನ ಮುಂದೆ ಕೂತರು, ಹೋಳಿಗೆ ಮುರಿಯಲಿಲ್ಲ. ಬಿಡುವ ಮುಂಚೆ ಜೈಲಿನವರು ನನ್ನ ಅರ್ಜಿಯನ್ನು ಓದಿ ಹೇಳಿದ್ದರಂತೆ.

"ಊರೆಲ್ಲ ಕಳ್ಳ ಅಂದಾಗ ನೀ ಒಬ್ಬಾಕಿ ಅಂದಿದ್ದಿಲ್ಲ," ಎಂದರು.