ಟೀ ಅಂಗಡಿಯ ತೀರ್ಪು

ಕೊಪ್ಪದ ರಸ್ತೆಯಲ್ಲಿ ನಾಲೆ ತಿರುಗುವ ಕಡೆ ತಡೆಗೋಡೆ ಇಲ್ಲ. ಅಲ್ಲಿ ಯಾರು ಬಿದ್ದರೂ ಯಾಕೆ ಬಿದ್ದರೆಂದು ಹುಚ್ಚೀರಯ್ಯನಿಗೆ ಕರಿಯಪ್ಪನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೇ ಗೊತ್ತಾಗುತ್ತಿತ್ತು. ಒಬ್ಬನಿಗೆ ಫೋನಿನ ಹುಚ್ಚು, ಇನ್ನೊಬ್ಬನಿಗೆ ಹೊಸ ಬೈಕಿನ ಕೊಬ್ಬು. ತಾನೇ ಒಮ್ಮೆ ಸೈಕಲ್ ಸಮೇತ ಜಾರಿದಾಗ ಮಾತ್ರ ತಪ್ಪು ಮಣ್ಣಿನದಾಗಿತ್ತು. ಎರಡು ವರ್ಷದ ಹಿಂದೆ ಮಂಚಮ್ಮನ ಮಗ ಸ್ವರೂಪ್ ನೀರುಪಾಲಾದಾಗ, "ಕುಡ್ದಿದ್ದ ಕಣ್ಲಾ, ಇನ್ನೇನು?" ಎಂದುಬಿಟ್ಟ. ಹೆಣವನ್ನೂ ಹೋಗಿ ನೋಡದ ಮನುಷ್ಯನ ಮಾತು! ಊರು ನಂಬಿತು. ತಿಥಿಯ ಊಟಕ್ಕೆ ಕೂತವರೂ ಅದನ್ನೇ ಆಡಿಕೊಂಡರು.

ಈ ಸಲ ಸೋನೆ ಹಿಡಿದಿದ್ದ ಒಂದು ಮುಂಜಾನೆ, ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟಿದ್ದ ಹುಚ್ಚೀರಯ್ಯನ ಮಗ ಶಿವು ಅದೇ ತಿರುವಿನಲ್ಲಿ ನಾಲೆಗೆ ಬಿದ್ದು ಸತ್ತ.

ತಿಥಿ ಮುಗಿಸಿ ಹುಚ್ಚೀರಯ್ಯ ಅಂಗಡಿಗೆ ಬಂದರೆ ಬೆಂಚಿನವರು ಮಾತು ನಿಲ್ಲಿಸಿದರು. ಅದಕ್ಕೆ ಮುಂಚೆ ಆಡಿದ್ದು ಕಿವಿಗೆ ಬಿದ್ದಿತ್ತು: "ರಾತ್ರಿದು ಇಳ್ದಿರ್ಲಿಲ್ಲ ಅಂತ ಕಾಣ್ತದೆ."

"ನನ್ ಮಗ ಒಂದ್ ತೊಟ್ಟೂ ಮುಟ್ಟೋನಲ್ಲ ಕಣ್ರಲಾ! ಗೋಡೆ ಇಲ್ಲ, ರಸ್ತೆ ಜಾರ್ತಿತ್ತು!" ಎಂದು ಕೂಗಾಡಿದ. ಬೆಂಚಿನವರು ಟೀ ಮುಗಿಸಿ ಒಬ್ಬೊಬ್ಬರೇ ಎದ್ದು ಹೋದರು.

ಮಗ ಹೋದ. ಇನ್ನು ಅವನ ಹೆಸರೂ ಹೀಗೆ ಹೋಗುವುದನ್ನು ಹುಚ್ಚೀರಯ್ಯನಿಗೆ ತಡೆದುಕೊಳ್ಳಲು ಆಗಲಿಲ್ಲ. ಶಿವು ಬಿದ್ದದ್ದನ್ನು ಕಣ್ಣಾರೆ ಕಂಡವಳು, ತಿರುವಿನ ಪಕ್ಕದ ಗದ್ದೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮಂಚಮ್ಮ ಒಬ್ಬಳೇ. ಮಾನ ಮರ್ಯಾದೆ ಬಿಟ್ಟು ಅವಳ ಬಾಗಿಲಿಗೆ ಹೋದ.

"ನೀನ್ ನೋಡಿದ್ದೀಯಲ್ಲವ್ವ, ಅಂಗ್ಡಿ ತಾವ ಬಂದು ಒಂದ್ ಮಾತು ಯೋಳು."

ಮಂಚಮ್ಮ ಕೂರಲೂ ಹೇಳಲಿಲ್ಲ. "ನನ್ ಮಗ ಕುಡ್ದಿದ್ನಾ ಅಣ್ಣ?"

ಹುಚ್ಚೀರಯ್ಯ ತಲೆ ತಗ್ಗಿಸಿದ. "ನಾನ್ ನೋಡೇ ಇಲ್ಲ ಕಣವ್ವ. ಸುಮ್ಕೆ ಅಂದ್ಬುಟ್ಟೆ."

"ಅದ ಮೊದ್ಲು ಅಲ್ಲಿ ಯೋಳು. ಆಮ್ಯಾಕೆ ನಾನ್ ಯೋಳ್ತೀನಿ."

ಮರುದಿನ ಬೆಳಿಗ್ಗೆ ಇಬ್ಬರೂ ಅಂಗಡಿ ಮುಂದೆ ನಿಂತರು. ಹುಚ್ಚೀರಯ್ಯ ಕೈ ಮುಗಿದು, "ಸ್ವರೂಪ ಕುಡ್ದಿರ್ಲಿಲ್ಲ. ನಾನು ಸುಳ್ಳಾಡ್ದೆ," ಎಂದ. ಹೇಳುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅತ್ತ.

ಬೆಂಚಿನ ಮೇಲಿದ್ದವನೊಬ್ಬ ಪಕ್ಕಕ್ಕೆ ಬಾಗಿ, "ಪಾಪ, ಮಗ ಸತ್ಮೇಲೆ ತಲೆ ನಿಂತಿಲ್ಲ," ಎಂದ.

ಮಂಚಮ್ಮ ಮಾತಿಗೆ ತಪ್ಪಲಿಲ್ಲ. ಶಿವು ನಿಧಾನವಾಗೇ ಬಂದದ್ದು, ಚಕ್ರ ಜಾರಿದ್ದು, ಅವ್ವಾ ಎಂದು ಕೂಗಿದ್ದು, ಎಲ್ಲವನ್ನೂ ಕಂಡ ಹಾಗೇ ಹೇಳಿದಳು.

ಕರಿಯಪ್ಪ ಟೀ ಸೋಸುತ್ತಾ ಅವಳತ್ತ ಒಮ್ಮೆ ನೋಡಿದ.

"ಇವಳ ತಲೇನೂ ಅಂಗೇಯ," ಎಂದ.