ರಾಗಿಕಲ್ಲಿನ ಪಕ್ಕದ ಕೈ

ಕೋಲಾರದ ನನ್ನ ಸ್ಟುಡಿಯೋಗೆ ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದವರದ್ದೆಲ್ಲ ಒಂದೇ ಹಟ. ಎರಡು ಕಿವಿಯೂ ಬೀಳಬೇಕು, ಎರಡು ಪಾದವೂ ಬೀಳಬೇಕು. ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರಿಸಿದರೆ ಸಾಕು, "ಇನ್ನೊಂದು ಕಿವಿ ಏನಾಯ್ತು ಸ್ವಾಮಿ?" ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಇಂಥ ಗಿರಾಕಿಗಳ ನಡುವೆ ನಾನು ದೊಡ್ಡ ಕಲಾವಿದ ಎಂದು ನನಗೆ ನಾನೇ ಪಟ್ಟ ಕಟ್ಟಿಕೊಂಡಿದ್ದೆ. ಅದನ್ನು ಒಪ್ಪದೆ ಇದ್ದವಳು ನನ್ನ ಅಕ್ಕ.

ಅಕ್ಕ ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯ ಮುಂಭಾಗದಲ್ಲಿ ನನ್ನ ಸ್ಟುಡಿಯೋ, ಹಿಂದಿನ ಕಿಟಕಿಯಲ್ಲಿ ಅವಳ ಕೆಲಸ. ಗಾಜಿನ ನೆಗೆಟಿವನ್ನು ಬೆಳಕಿಗೆ ಹಿಡಿದು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಜನರ ಮುಖದ ಸುಕ್ಕು, ಸಿಡುಬಿನ ಕಲೆ ಮುಚ್ಚುತ್ತಿದ್ದಳು. ಮೂಲೆಯಲ್ಲಿ ನಾಯಿ ಬಾಲವೋ ಬಕೆಟ್ಟೋ ಇಣುಕಿದ್ದರೆ ಬ್ಲೇಡಿನಿಂದ ಕೆರೆದು ಹಾಕುತ್ತಿದ್ದಳು. ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಗೆ ಬಂದು ಹಿಂದಿನ ಕತ್ತಲೆಯೊಳಗೆ ಸೇರಿಹೋಗುತ್ತಿತ್ತು. "ಫೋಟೋ ನೀನು ತೆಗೀತೀಯ, ಅವ್ರನ್ನ ಮನುಷ್ಯರನ್ನಾಗಿ ಮಾಡೋಳು ನಾನು" ಎನ್ನುತ್ತಿದ್ದಳು. ಮದುವೆಯಾದ ಹೊಸ ಜೋಡಿ ಬಂತೆಂದರೆ ತಾನೇ ನಡುಬಾಗಿಲು ಹಾಕಿಕೊಳ್ಳುತ್ತಿದ್ದಳು, ಎದುರಾಗಬಾರದೆಂದು. ಆಮೇಲೆ ಅದೇ ಮದುಮಗಳ ಮುಖವನ್ನು ಎರಡು ದಿನ ಕೈಯಲ್ಲಿ ಹಿಡಿದು ತಿದ್ದುತ್ತಿದ್ದಳು. ಇದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಫೋಟೋಗ್ರಾಫರುಗಳು ನಾಲ್ವರು ಸೇರಿ ಒಂದು ಪ್ರದರ್ಶನ ಮಾಡಬೇಕೆಂದು ಹೋಟೆಲಿನಲ್ಲಿ ಕೂತು ತೀರ್ಮಾನಿಸಿದೆವು. ಕ್ಯಾಮೆರಾ ಇರುವ ಯಾರು ಬೇಕಾದರೂ ಸಣ್ಣ ಪ್ರಿಂಟ್ ಕಳಿಸಬಹುದು, ಮೂವರು ತೀರ್ಪುಗಾರರು ಆರಿಸಿದ್ದನ್ನು ದೊಡ್ಡದು ಮಾಡಿ ಸ್ಕೂಲಿನ ಹಾಲಿನಲ್ಲಿ ತೂಗುಹಾಕುವುದು. ತೀರ್ಪುಗಾರರ ಹಿರಿಯರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅವರು ಕೊಟ್ಟ ವಿಷಯ, 'ಯಾರ ಕಣ್ಣಿಗೂ ಬೀಳದ್ದು'.

ಕಣ್ಣಿಗೆ ಬೀಳದ್ದನ್ನು ನೋಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಸೈಕಲ್ ಹತ್ತಿದೆ. ಯಲ್ದೂರಿನ ತೋಪಿನಲ್ಲಿ ಮಾವಿನ ಗೊಂಚಲುಗಳನ್ನು ಬಿಟ್ಟು, ಬಾಗಿದ ಕೊಂಬೆಗೆ ಕೊಟ್ಟಿದ್ದ ಊರೆಗೋಲಿನ ಫೋಟೋ ತೆಗೆದೆ. ತೋಪಿನವನು "ಏಮಯ್ಯಾ, ಕಾಯಲು ಕನಪಡಲೇದಾ?" ಎಂದು ತೆಲುಗಿನಲ್ಲಿ, ಇಷ್ಟು ಕಾಯಿ ಕಾಣಲಿಲ್ಲವೇ ಅಂತ, ನನ್ನ ಕಣ್ಣಿನ ಮೇಲೇ ಅನುಮಾನಪಟ್ಟ. ಮುಳಬಾಗಿಲ ದಾರಿಯಲ್ಲಿ ಒಂದು ಮೈಲಿಗಲ್ಲಿನ ಮುಂದೆ ಕ್ಯಾಮೆರಾದ ಕಪ್ಪು ಬಟ್ಟೆ ಹೊದ್ದು, ಮಂಡಿಯೂರಿ ಕೂತಿದ್ದೆ. ಬಟ್ಟೆಯಿಂದ ತಲೆ ಹೊರಗೆ ತೆಗೆಯುವಷ್ಟರಲ್ಲಿ ಜನ ಸೇರಿ, ಒಬ್ಬಾಕೆ ಕಲ್ಲಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು. ಅಲ್ಲಿಗೆ ಆ ಕಲ್ಲು ಎಲ್ಲರ ಕಣ್ಣಿಗೂ ಬಿತ್ತು, ಸ್ಪರ್ಧೆಗೆ ನಾಲಾಯಕ್ಕಾಯಿತು.

ಮನೆಗೆ ಬಂದಾಗ ಫೋಟೋ ತೆಗೆಯಲು ಉಳಿದಿದ್ದದ್ದು ಒಂದೇ ಗಾಜಿನ ಪ್ಲೇಟು. ಯುದ್ಧದಿಂದಾಗಿ ಹೊಸದು ಸಿಗುವ ಹಾಗಿರಲಿಲ್ಲ. ಅಕ್ಕ ಅಡಿಗೆಮನೆ ಬಾಗಿಲ ಹತ್ತಿರ ರಾಗಿ ಬೀಸುತ್ತಿದ್ದಳು. "ಏನೋ, ಕಾಣದ್ದೇನಾದ್ರೂ ಕಾಣಿಸ್ತಾ?" ಎಂದಳು. ಅವಳು ಎದ್ದಾಗ ರಾಗಿಕಲ್ಲಿನ ಗೂಟ ನೋಡಿದೆ. ನಡುವೆ ಸವೆದು ಸಣ್ಣಗಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಇದೇ ಎಂದುಕೊಂಡೆ. ಹಿತ್ತಲ ಬಾಗಿಲಿನ ಬೆಳಕನ್ನು ಕಲ್ಲಿನ ಮೇಲೆ ತಿರುಗಿಸಲು ಬಿಳಿ ಪಂಚೆಯೊಂದನ್ನು ಅಗಲವಾಗಿ ಹಿಡಿದುಕೊಳ್ಳಲು ಅಕ್ಕನಿಗೆ ಹೇಳಿದೆ. "ಕಲ್ಲಿಗೆ ಎರಡು ಕಿವೀನೂ ಬೀಳುತ್ತೇನೋ ನೋಡ್ಕೋ" ಎನ್ನುತ್ತಲೇ ಹಿಡಿದಳು.

ಸಣ್ಣ ಪ್ರಿಂಟ್ ಕಳಿಸಿದೆ. ವಾರದಲ್ಲಿ ಮೇಷ್ಟ್ರು ಹೇಳಿಕಳಿಸಿದರು: ಮೂವರೂ ಒಪ್ಪಿದ್ದಾರೆ, ದೊಡ್ಡದು ಮಾಡಿ ತರುವುದು. ಮನೆಯಲ್ಲಿ ನನ್ನ ಹಾರಾಟ ಕೇಳಬೇಡಿ. ಅಕ್ಕನೂ ಖುಷಿಯಾಗಿ ನೆಗೆಟಿವ್ ಇಸಿದುಕೊಂಡು ಕಿಟಕಿಗೆ ಹೋದಳು. ಮಾರನೆಯ ದಿನ ದೊಡ್ಡ ಪ್ರಿಂಟ್ ತೆಗೆದು, ಒಣಗಿಸಿ, ಎದೆಯುಬ್ಬಿಸಿಕೊಂಡು ಹೋಗಿ ಮೇಷ್ಟ್ರ ಮೇಜಿನ ಮೇಲೆ ಹರಡಿದೆ.

ಅವರು ಕನ್ನಡಕ ಏರಿಸಿ, ಇಳಿಸಿ, "ಕೈ ಎಲ್ರೀ?" ಎಂದರು.

"ಯಾವ ಕೈ?"

ಸಣ್ಣ ಪ್ರಿಂಟ್ ಮುಂದೆ ತಳ್ಳಿದರು. ಮೂಲೆಯಲ್ಲಿ, ಕತ್ತಲೆಯ ಅಂಚಿನಲ್ಲಿ, ಪಂಚೆಯ ಚುಂಗು ಹಿಡಿದ ನಾಲ್ಕು ಬೆರಳು, ಬಳೆಯಿಲ್ಲದ ಒಂದು ಮಣಿಕಟ್ಟು. "ಗೂಟ ಸವೆಸಿದ ಕೈ ಪಕ್ಕದಲ್ಲೇ ನಿಂತಿದೆ ಅಂತಲ್ಲವೇ ಇದನ್ನ ಆರಿಸಿದ್ದು? ನೀವು ಬೇಕಂತಲೇ ಅದನ್ನ ಸೇರಿಸಿದ್ದು ಅಂದ್ಕೊಂಡ್ವಿ" ಎಂದರು. ನಾನು ದೊಡ್ಡ ಕಲಾವಿದನಂತೆ ಗಂಟಲು ಸರಿಮಾಡಿಕೊಂಡೆ. ಆ ಕೈಯನ್ನು ನಾನು ಫೋಟೋ ತೆಗೆಯುವಾಗಲೂ ನೋಡಿರಲಿಲ್ಲ, ಪ್ಲೇಟು ತೊಳೆಯುವಾಗಲೂ ನೋಡಿರಲಿಲ್ಲ. ದೊಡ್ಡದಿಲ್ಲದಿದ್ದರೆ ಸಣ್ಣದನ್ನೇ ಹಾಕೋಣ ಎಂದು ಮೇಷ್ಟ್ರು ಸಮಾಧಾನ ಹೇಳಿದರು.

ಮನೆಗೆ ಬಂದವನೇ ಅಕ್ಕನ ಮೇಲೆ ಹರಿಹಾಯ್ದೆ. "ಯಾರು ಕೆರೆಯೋಕೆ ಹೇಳಿದ್ದು ನಿಂಗೆ?"

"ಬರಿಗೈ ಕಣೋ ಅದು" ಎಂದಳು. "ಮೊದಲ ಸಲ ನಿನ್ನ ಫೋಟೋ ನಾಲ್ಕು ಜನರ ಮುಂದೆ ಗೋಡೆ ಹತ್ತುತ್ತೆ. ಅಪಶಕುನ ಯಾಕೆ ಅಂತ ತೆಗೆದೆ. ಇದೇನು ಹೊಸದಾ? ಅಮ್ಮ ಇದ್ದಾಗ ಎಲ್ಲರೂ ಕೂತು ತೆಗೆಸ್ಕೊಂಡ್ರಲ್ಲ, ಅದ್ರಲ್ಲಿ ಬಾಗಿಲ ಹಿಂದೆ ನಾನೂ ಬಿದ್ದಿದ್ದೆ. ಅದನ್ನೂ ಕೆರೆದೆ."

ಆ ಫೋಟೋ ಸ್ಟುಡಿಯೋದಲ್ಲಿ ನನ್ನ ಕುರ್ಚಿಯ ಮೇಲೇ ವರ್ಷಗಟ್ಟಲೆ ನೇತಾಡುತ್ತಿತ್ತು. ಹೋಗಿ ನೋಡಿದೆ. ಅಮ್ಮ, ಅಪ್ಪ, ನಾನು, ಚಿಕ್ಕಪ್ಪಂದಿರು. ನಮ್ಮೆಲ್ಲರಿಗೂ ಎರಡೆರಡು ಕಿವಿ. ಅಮ್ಮನ ಹೆಗಲ ಹಿಂದೆ ಬಾಗಿಲು ಒಂದಿಷ್ಟು ಹೆಚ್ಚೇ ಕಪ್ಪಾಗಿತ್ತು. ಊರವರ ಮುಖಗಳೆಲ್ಲ ತುಂಬಿದ್ದ ಆ ಮನೆಯಲ್ಲಿ ನನ್ನ ಅಕ್ಕನ ಮುಖ ಒಂದು ಕಡೆಯೂ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ನಾಚಿಕೆಯೂ ಆಯಿತು.

ಹಿಂದೆಯೇ ಬಂದ ಅಕ್ಕ "ಪ್ಲೇಟಿನ ಪೆಟ್ಟಿಗೆ ಮೇಲೆ ಅಳಬೇಡ, ನೆಂದ್ರೆ ಹಾಳಾಗ್ತವೆ" ಎಂದಳು.

"ಆ ಸಣ್ಣದನ್ನೂ ವಾಪಸ್ ತರ್ತೀನಿ ಅಕ್ಕ. ನೀನು ಬೇಡ ಅಂದ್ರೆ ಹಾಕಲ್ಲ."

ಅವಳು ಪ್ಲೇಟಿನ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಒಳಗೆ ಹೋದಳು. ಮಾರನೆಯ ಬೆಳಗ್ಗೆ ಮುದ್ದೆ ಬಡಿಸುವಾಗ, ನನ್ನ ಮುಖ ನೋಡದೆ, "ಇರಲಿ ಬಿಡು. ನಂದು ಅಂತ ಮಾತ್ರ ಯಾರ್ಗೂ ಹೇಳಬೇಡ" ಎಂದಳು. ಮಾತು ಕೊಟ್ಟೆ.

ಸ್ಕೂಲಿನ ಹಾಲಿನಲ್ಲಿ ಭಾರಿ ಭಾರಿ ಪ್ರಿಂಟುಗಳ ನಡುವೆ ನಮ್ಮದು ಅಂಗೈಯಗಲ. ಮೊದಲ ಬಹುಮಾನ ಮಾಲೂರಿನವರ ಫೋಟೋಗೆ ಹೋಯಿತು, ಹೆಂಚಿನ ಮೇಲೆ ಮಲಗಿದ ಬೆಕ್ಕು. ಬೆಕ್ಕನ್ನು ನೋಡದವರು ಯಾರಿದ್ದಾರೆ ಎಂಬುದು ಇವತ್ತಿಗೂ ನನ್ನ ತಕರಾರು.

ಕೊನೆಯ ದಿನ ಮಧ್ಯಾಹ್ನ ಹೆಂಗಸರಿಗೆಂದೇ ಇಟ್ಟಿದ್ದೆವು. ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಬಂದಳು. ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡು, ನನ್ನ ಗುರುತೇ ಇಲ್ಲದವಳಂತೆ ಒಳಗೆ ಹೋದಳು. ಬೆಕ್ಕಿನ ಫೋಟೋ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನಮ್ಮ ಸಣ್ಣ ಚಿತ್ರದ ಹತ್ತಿರ ಬಂದಳು. ಅಲ್ಲಿ ಮುಳಬಾಗಿಲ ಕಡೆಯ ಇಬ್ಬರು ಹೆಂಗಸರು ಬಗ್ಗಿ ನೋಡುತ್ತಿದ್ದರು.

"ಈ ಚೆಯ್ಯಿ ಎವರಿದೇ?" ಈ ಕೈ ಯಾರದು ಎಂದು ಒಬ್ಬಳು ತೆಲುಗಿನಲ್ಲಿ ಕೇಳಿದಳು.

ಯಾರೋ ಕೆಲಸದವಳದ್ದಿರಬೇಕು, ಫೋಟೋ ತೆಗೆಯುವಾಗ ನೋಡದೆ ಅಡ್ಡ ಬಂದಿದೆ ಎಂದು ಇನ್ನೊಬ್ಬಳು ತೆಲುಗಿನಲ್ಲೇ ಹೇಳಿದಳು. ನಾನು ಬಾಗಿಲಿನಿಂದಲೇ ಬಾಯಿ ತೆರೆದೆ. ಕೊಟ್ಟ ಮಾತು ನೆನಪಾಗಿ ಸುಮ್ಮನಾದೆ.

ಅಕ್ಕ ಸೆರಗಿನಿಂದ ಬಲಗೈ ಹೊರಗೆ ತೆಗೆದಳು. ಚಿತ್ರದ ಪಕ್ಕದಲ್ಲೇ ಗೋಡೆಯ ಮೇಲಿಟ್ಟು, ಆ ಇಬ್ಬರಿಗೂ ಕಾಣುವ ಹಾಗೆ ಬೆರಳು ಬಿಡಿಸಿದಳು.

"ನಾದೇ ಅಮ್ಮಾ" ಎಂದಳು.