ಇಯರ್‌ಫೋನಿನಲ್ಲಿ ಕೇಳಿದ ಒಡಕು ಕಲ್ಲು

ಆ ಹಾಡಿನೊಳಗೆ ಒಡಕು ಕಲ್ಲಿನ ಸಪ್ಪಳ ಇರಲಿಲ್ಲ. ಆದರೂ ನಾನು ಕೇಳಿದೆ. ಕೇಳಿದ್ದಕ್ಕೇ ಮೊಮ್ಮಗಳು ಉಳಿದಳು. ನಡೆದದ್ದು ಇಷ್ಟೇ. ಬೇರೆ ಯಾರಾದರೂ ಇಂಥದ್ದು ಹೇಳಿದ್ದರೆ ಬಿಸಿಲು ತಲೆಗೇರಿದೆ ಎಂದು ನೀರು ಕುಡಿಸಿ ಕಳಿಸುತ್ತಿದ್ದೆ. ದೆವ್ವ, ಶಕುನ, ಕನಸು, ಯಾವುದನ್ನೂ ನಂಬಿದವಳಲ್ಲ ನಾನು. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಲೂ ಇಲ್ಲ.

ಶಹಾಬಾದಿನ ಖಣಿಗಳಲ್ಲಿ ಇಪ್ಪತ್ತೆಂಟು ವರ್ಷ, ನೆಲಕ್ಕೂ ಮಾಳಿಗೆಗೂ ಹಾಸುವ ಪರಸಿ ಕಲ್ಲಿನ ಕೆಲಸ ಮಾಡಿದೆ. ಗಂಡಸರು ಕಲ್ಲು ಎಬ್ಬಿಸುತ್ತಿದ್ದರು, ಗಟ್ಟಿಯೋ ಒಡಕೋ ನೋಡುವುದು ನನ್ನ ಪಾಲಿಗಿತ್ತು. ಸಣ್ಣ ಸುತ್ತಿಗೆಯಿಂದ ಈ ಮೂಲೆಗೊಂದು, ಆ ಮೂಲೆಗೊಂದು, ನಡುವೆ ಒಂದು ಪೆಟ್ಟು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ, ಕಣ್ಣಿಗೆ ಕಾಣದಿದ್ದರೂ, ಬದ್ ಎನ್ನುತ್ತದೆ. ಮೇಲಿನ ಬಂಡೆ ‘ಬದ್ ಅಂತು’ ಎಂದು ಒಬ್ಬರು ಕೂಗಿದರೆ ಸಾಕು, ಕೆಳಗಿದ್ದವರು ಮರುಮಾತಾಡದೆ ಮೇಲೆ ಹತ್ತಬೇಕು. ಖಣಿಯ ರೀತಿ ಅದು. ಯಾಕೆ, ಏನು ಎನ್ನುತ್ತ ನಿಂತವರನ್ನು ನಾವು ಹೊತ್ತು ತಂದಿದ್ದೇವೆ.

ಅಂಬಿಕಾ ನನ್ನ ಮಗಳ ಮಗಳು. ತಾಯಿ ಇಲ್ಲ, ನಾನೇ ಬೆಳೆಸಿದೆ. ಚಿತ್ತಾಪುರದ ಕೋರ್ಟಿನಲ್ಲಿ ಟೈಪ್ ಮಾಡುವ ಕೆಲಸ. ದಿನಾ ವಾಡಿಯಲ್ಲಿ ರೈಲು ಗಾಡಿ ಬದಲಿಸಬೇಕು. ಅಲ್ಲಿ ಕಾಯುವ ಹೊತ್ತಿನಲ್ಲಿ ಫೋನಿನಲ್ಲಿ ಹಾಡು ಕೇಳಿ ಹತ್ತಿದ ಚಟ ಇದು. ಸೈಕೆಡೆಲಿಕ್ ರಾಕ್ ಅಂತೆ, ಪರದೇಶದ ಹಾಡು. ಒಂದೊಂದು ಹಾಡು ಇಪ್ಪತ್ತು ಮಿನಿಟು. ಮಾತಿಲ್ಲ, ತಾಳ ಹಿಡಿದಲ್ಲಿ ನಿಲ್ಲುವುದಿಲ್ಲ, ಗಿಟಾರು ಅರಚುತ್ತದೆ, ನಡುನಡುವೆ ಟೇಪು ಹಿಂದಕ್ಕೆ ಓಡಿದ ಹಾಗೆ. ರವಿವಾರ ಬಂದರೆ ಮಂಚದ ಮೇಲೆ ಬಿದ್ದುಕೊಂಡು ಸಂಜೆಯ ತನಕ ಸ್ಪೀಕರಿನಲ್ಲಿ ಹಚ್ಚುತ್ತಿದ್ದಳು. ನಾನು ಬೈಯುತ್ತಿದ್ದೆ.

ಐದು ವರ್ಷದ ಹಿಂದಿನ ಒಂದು ರವಿವಾರ, ಮಧ್ಯಾಹ್ನದ ಊಟ ಆದ ಮೇಲೆ, ಮತ್ತೆ ಹಚ್ಚಿದಳು. ಇದು ಹಾಡೋ, ಕಲ್ಲು ಕೊಯ್ಯುವ ಮಷಿನ್ನೋ ಎಂದು ಕೇಳಿದೆ.

“ಮಷಿನ್ನೇ ಅಂತ ತಿಳ್ಕೊ ಆಯಿ. ಮಷಿನ್ನಿನ ಸಪ್ಪಳದಾಗ ಜಲ್ಮ ಕಳದೀದಿ, ಇದನ್ನ ಐದು ಮಿನಿಟ್ ಕೇಳ್ಲಿಕ್ಕ ನಿನಗೇನು ಧಾಡಿ?”

ಸ್ಪೀಕರು ಬಂದ್ ಮಾಡಿ, ಇಯರ್‌ಫೋನಿನ ಎರಡೂ ತುದಿ ನನ್ನ ಕಿವಿಗೆ ತುರುಕಿದಳು. ನನ್ನ ಬಾಯಿ ಮುಚ್ಚಿಸಲಿಕ್ಕೆ ಎಂದು ಗೊತ್ತಿತ್ತು. ಆದರೂ ಕೂತೆ.

ಮೊದಲು ಬರೀ ಗದ್ದಲ. ಆಮೇಲೆ ಅದು ಇಳಿದು, ಖಣಿಯ ತಳದಲ್ಲಿ ನೀರು ಜಿನುಗಿದ ಹಾಗೆ ಏನೋ ಸಣ್ಣಗೆ ಹರಿಯಿತು. ಅದರೊಳಗೆ ಕೇಳಿಸಿತು. ಠಣ್, ಠಣ್, ಬದ್. ಎರಡು ಮೂಲೆ, ನಡುವೆ ಒಂದು. ಮತ್ತೆ ಅದೇ. ಒಟ್ಟು ಮೂರು ಸಲ. ಮೂರನೆಯ ಪೆಟ್ಟಿಗೆ ಮುಂಚೆ ಒಂದಿಷ್ಟು ಕೈ ತಡೆಯುವುದು ನನ್ನ ರೂಢಿ. ಅದೂ ಹಾಗೇ ಇತ್ತು.

ಆ ಸಪ್ಪಳ ಕೇಳಿದ ಮೇಲೆ ಖಣಿಯವಳಿಗೆ ಕೂತಿರಲು ಆಗುವುದಿಲ್ಲ. ಸುತ್ತಿಗೆ ಹುಡುಕಿ ತೆಗೆದು ನೆಲ ಬಡಿದೆ, ಹೊಸ್ತಿಲು ಬಡಿದೆ. ಗಟ್ಟಿ. ನಮ್ಮ ತಲೆಯ ಮೇಲಿನ ಮಾಳಿಗೆಯೂ ಕಬ್ಬಿಣದ ಗರ್ಡರಿನ ಮೇಲೆ ಪರಸಿ ಹಾಸಿದ್ದೇ. ಏಣಿ ಹಚ್ಚಿದೆ.

“ತಲಿ ಕೆಟ್ಟದೇನು ಆಯಿ, ಈ ಬಿಸಿಲಾಗ ಮಾಳಗಿ ಹತ್ತಾಕತ್ತೀದಿ?” ಎಂದು ಅಂಬಿಕಾ ಮಂಚದ ಮೇಲಿಂದಲೇ ನಕ್ಕಳು.

ನಾಲ್ಕನೆಯ ಪರಸಿಯ ನಡುವೆ ಪೆಟ್ಟು ಹಾಕಿದೆ. ಬದ್. ಅದರ ನೇರ ಕೆಳಗೆ ಅವಳ ಮಂಚ.

“ಏಳು, ಹೊರಗ ಬಾ. ಬದ್ ಅಂತು,” ಎಂದು ಮೇಲಿಂದ ಕೂಗಿದೆ. ಅವಳು ಯಾಕೆಂದು ಕೇಳಲಿಲ್ಲ. ನಾನು ಬೆಳೆಸಿದ ಹುಡುಗಿ. ಎದ್ದು ಹೊರಗೆ ಬಂದು, ಆ ಕೋಣೆಗೆ ಚಿಲಕ ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ಪರಸಿ ಎರಡು ತುಂಡಾಗಿ ಬಿತ್ತು. ಮಂಚ ಮುರಿಯಿತು.

ಅದೇ ಹಾಡನ್ನು ಅವಳು ಎಷ್ಟು ಸಲ ಹಾಕಿ ನೋಡಿದಳೋ. ಸುತ್ತಿಗೆ ಎಲ್ಲೂ ಇಲ್ಲ. ನನಗೂ ಮತ್ತೆ ಕೇಳಿಸಲಿಲ್ಲ. ಸ್ಪೀಕರಿನ ಸಪ್ಪಳಕ್ಕೆ ಪರಸಿ ಅದುರಿ, ಅದೇ ನನಗೆ ಕೇಳಿಸಿರಬೇಕು ಎನ್ನುತ್ತಾಳೆ. ಸ್ಪೀಕರು ಬಂದ್ ಇತ್ತು, ನನ್ನ ಎರಡೂ ಕಿವಿ ತುಂಬಿದ್ದವು. ಮುದಿ ಕಿವಿ ಹಳೆಯದನ್ನು ನೆನೆಸಿಕೊಂಡಿತು ಅನ್ನಿ, ಒಪ್ಪುತ್ತೇನೆ. ಅದೇ ದಿನ ಯಾಕೆ ನೆನೆಸಿಕೊಂಡಿತು? ನನಗೆ ಗೊತ್ತಿಲ್ಲ.

ಆ ಹಾಡು ಕಟ್ಟಿದವರು ಯಾವ ದೇಶದವರೋ, ಇದ್ದಾರೋ ಇಲ್ಲವೋ. ಅವರ ಮಕ್ಕಳು ಮರಿ ತಣ್ಣಗಿರಲಿ. ಈಗ ನಾನೂ ಕೇಳುತ್ತೇನೆ. ಪಲ್ಲವಿ ಯಾವಾಗ ತಿರುಗಿ ಬರುತ್ತದೆ ಎಂದು ಕಾಯುವುದನ್ನು ಬಿಟ್ಟ ಮೇಲೆ ಕೇಳಲು ಬಂತು. ಕೆಲವು ಈಗಲೂ ಕೆಟ್ಟವೇ, ಮುಖದ ಮೇಲೆ ಹೇಳುತ್ತೇನೆ. ಕೆಲವನ್ನು ಕೇಳುತ್ತ ಹಂಚಿನ ಮೇಲಿನ ರೊಟ್ಟಿ ಮರೆತು ಸುಟ್ಟಿದ್ದೇನೆ.

ಪರಸಿ ಬಿದ್ದ ಮರುದಿನ ಬೆಳಿಗ್ಗೆ ಅಂಬಿಕಾ ರಜೆ ಹಾಕುತ್ತೇನೆಂದಿದ್ದಳು. ಬೇಡ ಎಂದೆ. ಬುತ್ತಿ ಕಟ್ಟಿಕೊಟ್ಟು, ಅವಳ ಜೊತೆ ನಾನೂ ಗಾಡಿ ಹತ್ತಿದೆ. ವಾಡಿಯಲ್ಲಿ ಚಿತ್ತಾಪುರದ ಗಾಡಿ ಬರುವ ತನಕ ಇಯರ್‌ಫೋನಿನ ಒಂದು ತುದಿ ಅವಳ ಕಿವಿಯಲ್ಲಿ, ಒಂದು ನನ್ನ ಕಿವಿಯಲ್ಲಿ. ಹಾಡು ಪೂರ್ತಿ ಕೇಳಿ, ಅವಳನ್ನು ಹತ್ತಿಸಿ, ತಿರುಗಿ ಮನೆಗೆ ಬಂದು ಒಡೆದ ಕಲ್ಲು ಹೊರಗೆ ಹಾಕಿದೆ.